ಆಡದೆ ಗೆದ್ದ ಫೈನಲ್

ನಮ್ಮ ಊರ ಕಡೆಯ ಆರು ಕಾಲೇಜುಗಳ ಹಳೆ ವಿದ್ಯಾರ್ಥಿಗಳು ಸೇರಿ ದುಬೈಯಲ್ಲಿ ವರ್ಷಕ್ಕೊಮ್ಮೆ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸುತ್ತೇವೆ. ಆರು ತಂಡ, ಒಂದು ಕಪ್. ಈ ವರ್ಷ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾದಾಗ ಪಂದ್ಯಾವಳಿಯ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಮೊದಲಿನಿಂದಲೂ ಸ್ಕೋರು ಬರೆಯುವವನು, ಹಾಲ್ ಬುಕ್ ಮಾಡುವವನು ನಾನೇ. ಆಟ ಬಾರದವನೆಂದು ಕೈಗೆ ಪೆನ್ನು ಕೊಟ್ಟು ಕೂರಿಸಿದ್ದರು, ಎದ್ದೇಳು ಎಂದು ಆಮೇಲೆ ಯಾರೂ ಹೇಳಲಿಲ್ಲ.

ಬರೆಯಲು ಕೂತಾಗ ಖುಷಿಯೇ ಆಯಿತು. ಮೊದಲ ವರ್ಷ ಅಲ್ ನಹ್ದಾದ ಶಾಲೆಯೊಂದರ ಬಯಲಿನಲ್ಲಿ ಆಡಿ ಅರ್ಧ ಜನ ಸೆಖೆಗೆ ಸುಸ್ತಾಗಿ ಕೂತದ್ದು, ಆಮೇಲೆ ಎ.ಸಿ. ಹಾಲ್ ಹಿಡಿದದ್ದು ಎಲ್ಲ ನೆನಪಾಯಿತು. ಹೊರಗಿನ ಒಳ್ಳೆಯ ಆಟಗಾರರನ್ನು ಕದ್ದು ಸೇರಿಸುವವರ ಕಾಟ ತಡೆಯಲಾರದೆ, ಡಿಗ್ರಿ ಸರ್ಟಿಫಿಕೇಟ್ ತೋರಿಸಿದವನಿಗೆ ಮಾತ್ರ ಜೆರ್ಸಿ ಎಂದು ನಿಯಮ ಮಾಡಿದೆವು. ವೀಸಾಕ್ಕೂ ಇಷ್ಟು ಕಿರಿಕಿರಿ ಇಲ್ಲ ಎಂದು ಎಲ್ಲರೂ ಗೊಣಗಿದರು. ಒಬ್ಬ ಮ್ಯಾನೇಜರ್ ಡಿಗ್ರಿ ಮುಗಿಸಿಯೇ ಇಲ್ಲವೆಂಬುದು ಅವನ ಹೆಂಡತಿಗೆ ಗೊತ್ತಾದದ್ದೇ ನನ್ನ ಮೇಜಿನ ಮುಂದೆ.

ಕೊನೆಗೆ ಚಾಂಪಿಯನ್ನರ ಪಟ್ಟಿ. ಹಳೆಯ ಹಾಳೆಗಳನ್ನು ನೋಡಿ ನಾನು ಹೇಳುತ್ತಿದ್ದೆ, ಮಗಳು ಟೈಪ್ ಮಾಡುತ್ತಿದ್ದಳು. ಒಂದು ವರ್ಷದ ಎದುರು ಹೇಳಿದೆ: ನಮ್ಮ ಕಾಲೇಜು ವಿಜೇತ, ಇಪ್ಪತ್ತು–ಸೊನ್ನೆ, ಎದುರಾಳಿ ತಂಡ ಗೈರುಹಾಜರು.

ಅವಳ ಬೆರಳು ನಿಂತಿತು. "ಫೈನಲ್‌ಗೇ ಬರ್ಲಿಲ್ವಾ ಪಪ್ಪಾ? ವೈ?"

ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲಿ ವಾರದ ರಜೆ ಶುಕ್ರವಾರ ಬಿಟ್ಟು ಶನಿವಾರ, ಭಾನುವಾರಕ್ಕೆ ಬದಲಾದ ವರ್ಷ ಅದು. ಅಷ್ಟು ವರ್ಷಗಳ ಅಭ್ಯಾಸಬಲದಿಂದ ನಾನು ಫೈನಲಿಗೆ ಶುಕ್ರವಾರವೇ ಹಾಲ್ ಬುಕ್ ಮಾಡಿಬಿಟ್ಟಿದ್ದೆ. ತಪ್ಪು ತಿಳಿಯುವಾಗ ಉಳಿದ ದಿನಗಳೆಲ್ಲ ಭರ್ತಿ. ನಮಾಜು ಮುಗಿಸಿ ಬರುವವರಿಗೂ ಅನುಕೂಲವಾಗಲೆಂದು ಸಂಜೆ ನಾಲ್ಕಕ್ಕೆ ಇಟ್ಟೆ, ಅಷ್ಟೇ.

ಎದುರು ತಂಡದ ನಾಯಕ ಬೇರೆ ಕಾಲೇಜಿನವನಾದರೂ ಆ ದಿನಗಳಿಂದಲೇ ನನ್ನ ಗೆಳೆಯ. ಬ್ಯಾರಿ. ಅಬುಧಾಬಿಯಿಂದಲೂ ಆಚೆಗಿರುವ ಮದೀನತ್ ಜಾಯೆದ್‌ನಲ್ಲಿ ತೈಲ ಕಂಪನಿಯೊಂದರ ಸ್ಟೋರ್ ನೋಡಿಕೊಳ್ಳುತ್ತಾನೆ. ಅವನ ತಂಡ ಫೈನಲ್ ಮುಟ್ಟಿದ್ದು ಅದೇ ಮೊದಲು. ಮಂಡಿ ಕೈಕೊಡುತ್ತಿದೆ, ಇದೇ ಕೊನೆಯ ಆಟ ಎಂದು ಹೇಳಿಯೂ ಇದ್ದ. ಅವತ್ತು ಕೆಲಸದ ದಿನವಾದ್ದರಿಂದ ಅವನ ಬದಲಿ ಆಟಗಾರರಿಗೆ ರಜೆ ಸಿಗಲಿಲ್ಲ. ಅವನೂ ಮಧ್ಯಾಹ್ನದವರೆಗೆ ಡ್ಯೂಟಿ ಮಾಡಿ, ಜುಮಾ ನಮಾಜು ಮುಗಿಸಿ, ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬರಬೇಕಿತ್ತು.

ನಾಲ್ಕು ಗಂಟೆಗೆ ಅವರ ಕಡೆ ನಾಲ್ವರೇ ನಿಂತಿದ್ದರು. ಐವರಿಲ್ಲದೆ ಆಟ ಶುರುಮಾಡುವಂತಿಲ್ಲ. ಹದಿನೈದು ನಿಮಿಷ ಕಾಯಬೇಕು, ಆಮೇಲೆ ಎದುರಿನವರಿಗೆ ಇಪ್ಪತ್ತು–ಸೊನ್ನೆ ಗೆಲುವು. ಹದಿಮೂರನೆಯ ನಿಮಿಷಕ್ಕೆ ಅವನ ಫೋನ್ ಬಂತು.

"ಏರ್‌ಪೋರ್ಟ್ ಹತ್ರ ಇದ್ದೇನೆ ಮಾರಾಯ, ಬ್ಲಾಕ್ ಉಂಟು. ಐದು ನಿಮಿಷ ಜಾಸ್ತಿ ಕೊಡು."

ರೆಫರಿ ನನ್ನ ಮುಖ ನೋಡಿದರು. ಕಾಯೋಣ ಎಂದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ನಮ್ಮ ಕಾಲೇಜು ಅಲ್ಲಿಯವರೆಗೆ ಒಮ್ಮೆಯೂ ಗೆದ್ದಿರಲಿಲ್ಲ, ನನಗೆ ಆ ಕಪ್ ಬೇಕಿತ್ತು. "ರೂಲ್ ಅಂದ್ರೆ ರೂಲ್. ಖಲಾಸ್," ಎಂದು, ಹದಿನೈದು ನಿಮಿಷ ಮುಗಿದ ಕೂಡಲೇ ಸ್ಕೋರು ಹಾಳೆಗೆ ಸಹಿ ಹಾಕಿದೆ.

ಅವನು ಬಂದಾಗ ನಾಲ್ಕು ಇಪ್ಪತ್ತು. ಜೆರ್ಸಿ ಹಾಕಿಕೊಂಡೇ ಕಾರು ಓಡಿಸಿದ್ದ. ನಮ್ಮವರು ಕಪ್ ಹಿಡಿದು ಫೋಟೋ ತೆಗೆಸುತ್ತಿದ್ದರು. ಬೋರ್ಡು ನೋಡಿದ, ನಮ್ಮವರೆಲ್ಲರ ಕೈ ಕುಲುಕಿದ, ನನ್ನ ಹತ್ತಿರ ಬಂದು "ಚಾ ಕುಡಿಯುವನಾ?" ಎಂದ. ಬರೆಯುವ ಕೆಲಸ ಬಾಕಿ ಇದೆ ಎಂದು ಸುಳ್ಳು ಹೇಳಿದೆ. ಆ ಬಗ್ಗೆ ನಾವಿಬ್ಬರೂ ಮತ್ತೆ ಮಾತೆತ್ತಲಿಲ್ಲ.

ಮಗಳಿಗೆ ಇದನ್ನೆಲ್ಲ ಹೇಳಲು ನಾಚಿಕೆಯಾಯಿತು. ಎದ್ದು ಬಾಲ್ಕನಿಗೆ ಹೋಗಿ ಅವನಿಗೆ ಫೋನ್ ಮಾಡಿದೆ. ಫೈನಲ್ ಶುಕ್ರವಾರ ಇಟ್ಟದ್ದು ನನ್ನ ತಪ್ಪು, ಕಾಯದೆ ಇದ್ದದ್ದು ಬೇಕೆಂದೇ ಎಂದೆ. ಆ ವರ್ಷ ಚಾಂಪಿಯನ್ ಯಾರೂ ಇಲ್ಲವೆಂದು ಬರೆಯಲೇ ಎಂದೂ ಕೇಳಿದೆ.

"ನೀನು ಬೇಕಂತಲೇ ಮಾಡಿದ್ದು ಅಂತ ನಂಗೆ ಅವತ್ತೇ ಗೊತ್ತುಂಟು," ಎಂದ ಅವನು. "ಕಪ್ ನೀವೇ ಇಟ್ಕೊಳ್ಳಿ. ಸೋತ್ರು ಅಂತ ಬರಿ, ಅಡ್ಡಿ ಇಲ್ಲ. ಬರ್ಲಿಲ್ಲ ಅಂತ ಮಾತ್ರ ಬರಿಬೇಡ ಮಾರಾಯ. ನಾನು ಬಂದಿದ್ದೆ ಅಲ್ವಾ?"

ಒಳಗೆ ಬಂದು ಮಗಳಿಗೆ ಆ ಸಾಲು ಅಳಿಸಲು ಹೇಳಿದೆ. ಅದರ ಜಾಗದಲ್ಲಿ ಹೀಗೆ ಬರೆಸಿದೆ: ಎರಡೂ ತಂಡಗಳು ಬಂದಿದ್ದವು. ಸ್ಕೋರು ಬರೆಯುವವನು ಐದು ನಿಮಿಷ ಕಾಯಲಿಲ್ಲ.