ಲೂಪೆ ಬಿಟ್ಟುಕೊಟ್ಟ ಸರದಿ

ಟೋಂಗಾದ ನಮ್ಮ ಊರು ನಿಂತಿರುವುದೇ ಹೆಂಗಸರ ಚಾಪೆಗಳ ಮೇಲೆ. ಮದುವೆಗೂ ಚಾಪೆ, ಸಾವಿಗೂ ಚಾಪೆ. ಶಾಲೆಯ ನೀರಿನ ತೊಟ್ಟಿಯನ್ನೂ ಚಾಪೆ ಮಾರಿಯೇ ಕಟ್ಟಿಸಿದ್ದು. ಒಂದು ಮನೆಯ ಚಾಪೆ ಹೆಣೆಯಲು ಎಲ್ಲರೂ ಕೂಡಿ ಕೂರುತ್ತಾರೆ. ಅದು ಮುಗಿದರೆ ಮುಂದಿನ ಮನೆಯ ಸರದಿ.

ಈ ಕೂಟ ಕಟ್ಟಿದವಳು ಲೂಪೆ. ಕೇದಗೆಯ ಗರಿ ಬೇಯಿಸಿ, ಸಮುದ್ರದಲ್ಲಿ ನೆನೆಸಿ, ಒಣಗಿಸಿ ಸೀಳಿಕೊಡುತ್ತಿದ್ದಳು. ಮುನಿಸಿಕೊಂಡವರನ್ನು ಎಳೆದುತಂದು ಪಕ್ಕಪಕ್ಕ ಕೂರಿಸುತ್ತಿದ್ದಳು. ತನ್ನ ಸರದಿಯನ್ನು ಮಾತ್ರ ಪ್ರತಿಸಲವೂ ಬಿಟ್ಟುಕೊಡುತ್ತಿದ್ದಳು. ಒಬ್ಬಳಿಗೆ ಮಗಳ ಮದುವೆ, ಇನ್ನೊಬ್ಬಳ ಮಾವ ತೀರಿಕೊಂಡ, ಹೀಗೆ.

ಗಂಡ ಸೇಮಿಸಿ ಕೆಣಕುತ್ತಿದ್ದ. "ಊರಿಗೆಲ್ಲ ಚಾಪೆ ಹಾಸ್ತೀಯ. ನಾನೇನು ಬರೀ ನೆಲದ ಮೇಲೇ ಸಾಯ್ಬೇಕೇನೇ?"

"ಸಾಯೋಕೆ ಏನವಸರ ನಿಂಗೆ? ಮುಂದಿನ ಸರದಿ ನಮ್ದೇ."

ಮೀನಿಗೆ ಹೋದ ಸೇಮಿಸಿ ದೋಣಿಯಲ್ಲೇ ಎದೆ ಹಿಡಿದುಕೊಂಡು ಸತ್ತ. ಅವನನ್ನು ಸುತ್ತಿದ್ದು ಪಕ್ಕದ ಮನೆಯ ವಿಕಾ ಕೊಟ್ಟ ಚಾಪೆಯಲ್ಲಿ. ಅದರ ಅಂಚು ಲೂಪೆಯೇ ಹೆಣೆದದ್ದು. ಆದರೂ ಅದು ಅವಳ ಮನೆಯದಲ್ಲ.

ಮಣ್ಣು ಮಾಡಿ ಕೆಲವು ವಾರ ಕಳೆದ ಮೇಲೆ ಹೆಂಗಸರು ಬಂದರು. ವಿಕಾ ಗರಿಯ ಸುರುಳಿ ಮುಂದಿಟ್ಟಳು. "ಏಳಕ್ಕಾ, ಈ ಸಲ ನಿನ್ನ ಚಾಪೆ. ಬರಲ್ಲ ಅಂದ್ರೆ ಹೊತ್ಕೊಂಡ್ ಹೋಗ್ತೀವಿ."

"ಹೆಣೆದು ಯಾರಿಗೆ ಹಾಸ್ಲೇ?"

ವಿಕಾ ಅವಳ ಕೈ ಹಿಡಿದೆಳೆದಳು. ಲೂಪೆ ಎದ್ದು ಕೂಟಕ್ಕೆ ಹೋಗಿ ಕೂತಳು, ಹೆಣೆಯತೊಡಗಿದಳು. ಅವನು ಕೇಳಿದಾಗಲೇ ಹೆಣೆದಿದ್ದರೆ ಒಂದು ದಿನವಾದರೂ ಅದರ ಮೇಲೆ ಮಲಗುತ್ತಿದ್ದ.