ಐದು ಗೆಲುವು, ಒಂದು ಅಂಕ

ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಓರ್ಲೀನ್ ಪ್ರೂಯಿಟ್ ಅದರಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದಾಳೆ. ಡೆಲ್ರೋಸ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಹುಡುಗರನ್ನು ಪುಸ್ತಕದ ಮುಂದೆ ಕೂರಿಸುವುದು ಅವಳ ಕೆಲಸ. ಎದುರಾಳಿಗಳನ್ನು ನೆಲಕ್ಕೆ ಕೆಡವುವ ಆನೆಯಂಥ ಹುಡುಗನೂ ಅವಳ ಬಾಗಿಲಲ್ಲಿ ಟೋಪಿ ತೆಗೆದೇ ಒಳಗೆ ಬರಬೇಕು. ತರಗತಿಗೆ ಚಕ್ಕರ್ ಹೊಡೆದವನ ಹಾಸ್ಟೆಲ್ ಬಾಗಿಲನ್ನು ಬೆಳಿಗ್ಗೆ ಏಳಕ್ಕೆಲ್ಲ ತಾನೇ ಹೋಗಿ ಬಡಿಯುತ್ತಾಳೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ಆ ಊರಿನಲ್ಲಿ ಕೋಚನ್ನು ಬೈಯದ ಬಾಯಿಲ್ಲ. ಮೂರು ವರ್ಷಗಳಿಂದ ಆ ಬೈಗುಳದಲ್ಲಿ ಓರ್ಲೀನಳಿಗೂ ಪಾಲು ಸಿಗುತ್ತಿತ್ತು.

ಅದಕ್ಕೆ ಕಾರಣ ರೋಮೆಲ್ ಟಕೆಟ್. ಊರು ತಲೆಯ ಮೇಲೆ ಹೊತ್ತು ಮೆರೆಸಿದ ಆಟಗಾರ. ಯಾರೋ ಬರೆದ ಪ್ರಬಂಧವನ್ನು ತನ್ನದೆಂದು ಕೊಟ್ಟಿದ್ದ. ಎರಡು ಸಾಲು ಓದುವಷ್ಟರಲ್ಲಿ ಓರ್ಲೀನ್ ಹಿಡಿದಳು. ನೋಡಿಯೂ ನೋಡದ ಹಾಗೆ ಇದ್ದುಬಿಡಿ ಎಂದ ದೊಡ್ಡವರ ಮಾತಿಗೆ ಅವಳು ಸೊಪ್ಪು ಹಾಕಲಿಲ್ಲ. ಕಾಲೇಜು ಅವನನ್ನು ಹೊರಹಾಕಿತು. ತಂಡ ಮಕಾಡೆ ಮಲಗಿತು. ಚರ್ಚಿನಲ್ಲಿ ಅವಳ ಪಕ್ಕದ ಜಾಗ ಎಷ್ಟೋ ಭಾನುವಾರ ಖಾಲಿಯೇ ಉಳಿಯಿತು. ಅದು ಅವಳಿಗೆ ನೋವಾಗಿತ್ತು, ಸುಳ್ಳೇಕೆ.

ಈಗ ಆ ಹಳೆಯ ಗಾಯವನ್ನೇ ಮತ್ತೆ ಕೆದಕುವ ಹೊತ್ತು ಬಂದಿತ್ತು. ವರ್ಷದ ಕೊನೆಯಲ್ಲಿ ನಡೆಯುವ ಬೌಲ್ ಪಂದ್ಯಕ್ಕೆ ಹೋಗಲು ಆರು ಗೆಲುವು ಬೇಕು. ಡೆಲ್ರೋಸ್ ಗೆದ್ದದ್ದು ಐದು, ಸೋತದ್ದು ಏಳು. ಹುಡುಗರು ಹೆಲ್ಮೆಟ್ ಒಪ್ಪಿಸಿ, ಕಪಾಟು ಖಾಲಿ ಮಾಡಿಯೂ ಆಗಿತ್ತು. ಆದರೆ ಈ ಸಲ ಆರು ಗೆದ್ದ ತಂಡಗಳು ಸಾಲದೆ ಒಂದು ಜಾಗ ಉಳಿದುಬಿಟ್ಟಿತು. ಅಂಥ ಸಮಯದಲ್ಲಿ ಐದು ಗೆದ್ದವರನ್ನು ಕರೆಯುತ್ತಾರೆ, ಅದೂ ಓದಿನ ಅಂಕ ನೋಡಿ: ಎಷ್ಟು ಹುಡುಗರು ಪಾಸಾಗುತ್ತ ಕಾಲೇಜಿನಲ್ಲೇ ಉಳಿದರು ಎಂದು ಸಾವಿರಕ್ಕೆ ಲೆಕ್ಕ ಹಾಕುವ ಅಂಕ. ಮೈದಾನದಲ್ಲಿ ಸೋತವರನ್ನು ತರಗತಿ ಕೈಹಿಡಿಯಬಹುದೆಂದು ಊರಿನ ಅರ್ಧ ಜನಕ್ಕೆ ಗೊತ್ತಾದದ್ದೇ ಆ ವಾರ.

ಪಟ್ಟಿಯ ಮೇಲ್ತುದಿಯಲ್ಲಿ ಇಬ್ಬರಿದ್ದರು, ಡೆಲ್ರೋಸ್ ಮತ್ತು ವೆಕ್ಸ್‌ಮೋರ್ ಕಾಲೇಜಿನವರು. ನಾಲ್ಕು ವರ್ಷದ ಅಂಕ ಇಬ್ಬರದೂ ಸಮ. ಹಾಗಾದಾಗ ಹಿಂದಿನ ಒಂದೇ ವರ್ಷದ ಅಂಕ ನೋಡುತ್ತಾರೆ. ಭಾನುವಾರ ಎರಡು ಗಂಟೆಗೆ ಕೋಚ್‌ಗೆ ಫೋನ್ ಬರುವುದಿತ್ತು.

ಓರ್ಲೀನ್ ಚರ್ಚಿನಿಂದ ನೇರ ಕೋಣೆಗೆ ಬಂದಳು. ವೆಕ್ಸ್‌ಮೋರಿನ ಅಂಕ ಕಂಪ್ಯೂಟರಿನಲ್ಲೇ ಸಿಗುತ್ತಿತ್ತು. ನೋಡಲು ಧೈರ್ಯ ಬರಲಿಲ್ಲ. ರೋಮೆಲ್ ಹೋದಾಗ ತಂಡ ಕಳೆದುಕೊಂಡ ಎರಡು ಅಂಕ ಉಳಿದಿದ್ದರೆ ಈ ಸಮಸಮ ಎಂಬುದೇ ಇರುತ್ತಿರಲಿಲ್ಲ. ಆ ಲೆಕ್ಕ ಬೆಳಗಿನಿಂದ ಅವಳನ್ನು ತಿನ್ನುತ್ತಿತ್ತು.

ಜೆರೆಲ್ ಮೂಡಿ ಆಗಲೇ ಅಲ್ಲಿ ಕೂತಿದ್ದ. ಮಂಡಿ ಮುರಿದುಕೊಂಡು ಈ ವರ್ಷವಿಡೀ ಬೆಂಚು ಕಾಯ್ದವನು. ಮಂಡಿ ಈಗ ವಾಸಿಯಾಗಿದೆ, ಆದರೆ ಕಾಲೇಜಿನಲ್ಲಿ ಇದೇ ಅವನ ಕೊನೆಯ ವರ್ಷ.

"ಕಾಲು ಕುಣಿಸ್ಬೇಡ, ಟೇಬಲ್ ಅಲ್ಲಾಡತ್ತೆ," ಎಂದಳು.

"ಅಲ್ಲಾಡ್ತಿರೋದು ನೀವು ಪೆನ್ನು ಕುಟ್ತಿರೋದಕ್ಕೆ, ಮಿಸ್ ಓರ್ಲೀನ್."

ಅವಳು ಪೆನ್ನು ಕೆಳಗಿಟ್ಟಳು. "ಊಟ ಮಾಡಿದ್ಯಾ?"

"ಅಮ್ಮ ಚಿಕನ್ ಕರಿದಿದ್ಲು. ಇಳೀಲಿಲ್ಲ." ಆಮೇಲೆ ಕೇಳಿದ, "ಅವತ್ತು ನೀವು ಆ ಪ್ರಬಂಧದ ವಿಷ್ಯ ಹೇಳ್ದೆ ಇದ್ದಿದ್ರೆ ನಾವು ಮುಂದಿರ್ತಿದ್ವಿ, ಅಲ್ವಾ?"

"ಹೌದು."

"ಮತ್ತೆ ಅಂಥದ್ದೇ ಬಂದ್ರೆ?"

"ಹೇಳ್ತೀನಿ, ಜೆರೆಲ್. ನಿನ್ನ ಆಟ ಹೋದ್ರೆ ನಂಗೆ ಸಂಕಟ ಆಗತ್ತೆ. ಆದ್ರೂ ಹೇಳ್ತೀನಿ."

ಅವನು ತಲೆ ಬಗ್ಗಿಸಿ ಮಂಡಿ ಸವರಿಕೊಂಡ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡಾಯಿತು. ಎರಡೂಕಾಲಾಯಿತು. ಎರಡೂವರೆಗೆ ಮೆಟ್ಟಿಲ ಮೇಲೆ ಬೂಟುಗಳ ಸದ್ದು ಕೇಳಿ ಇಬ್ಬರೂ ಎದ್ದು ನಿಂತರು. ಕೋಚ್ ಹ್ಯಾಸ್ಕಿನ್ಸ್ ಬಾಗಿಲು ಹಿಡಿದು ನಿಂತ. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ಸೋತಾಗಲೂ ಗೆದ್ದಾಗಲೂ ಅವನದು ಹುಳಿ ತಿಂದ ಮುಖವೇ.

"ವೆಕ್ಸ್‌ಮೋರ್ ಒಂಬೈನೂರ ಎಪ್ಪತ್ತೆಂಟು," ಎಂದ. "ನಾವು ಒಂಬೈನೂರ ಎಪ್ಪತ್ತೊಂಬತ್ತು. ಹೋಗೋದು ನಾವೇ."

ಜೆರೆಲ್ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

"ಹೋದ ವರ್ಷ ಇಬ್ರು ಫೇಲಾಗಿದ್ರು," ಎಂದ ಕೋಚ್. "ನಾನು ಆಸೆ ಬಿಟ್ಟಿದ್ದೆ. ಆ ಒಂದು ಎಲ್ಲಿಂದ ಬಂತು, ಓರ್ಲೀನ್?"

"ಬಿಟ್ಟುಹೋದೋನು ವಾಪಸ್ ಬಂದು ಡಿಗ್ರಿ ಮುಗಿಸಿದ್ರೆ ಒಂದು ಅಂಕ ಕೊಡ್ತಾರೆ, ಕೋಚ್. ರೋಮೆಲ್ ಮೇ ತಿಂಗಳಲ್ಲಿ ಮುಗಿಸ್ದ."

ಕೋಚ್ ಟೋಪಿ ತೆಗೆದು ಕೋಣೆಯೊಳಗೆ ಬಂದ. ಒಂದೂವರೆ ವರ್ಷ ಪ್ರತಿ ಮಂಗಳವಾರ ಅವಳು ರೋಮೆಲ್ ಕೆಲಸಕ್ಕಿದ್ದ ಟೈರ್ ಅಂಗಡಿಗೆ ಫೋನ್ ಮಾಡಿದ್ದು, ಮೊದಲ ಎಂಟು ಸಲ ಅವನು ಫೋನ್ ಕುಕ್ಕಿದ್ದು, ಒಂಬತ್ತನೆಯ ಸಲ ಅತ್ತಿದ್ದು, ಯಾವುದೂ ಕೋಚ್‌ಗೆ ಗೊತ್ತಿರಲಿಲ್ಲ. ರೋಮೆಲ್ ಸಂಜೆ ತರಗತಿಗೆ ಹಿಂಬಾಗಿಲಿನಿಂದ ಬಂದು ಹೋಗುತ್ತಿದ್ದ. ಕ್ರೀಡಾಂಗಣದ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಕೋಚ್ ಮತ್ತು ಜೆರೆಲ್ ಹೋದ ಮೇಲೆ ಅವಳು ರೋಮೆಲ್‌ನ ಮನೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ಜೆರೆಲ್ ಆಡ್ತಾನಾ?" ಎಂದ ರೋಮೆಲ್.

"ಆಡ್ತಾನೆ."

"ಆಟ ನೋಡಕ್ಕೆ ನಾನು ಬಂದ್ರೆ... ಆ ಜನರ ಮಧ್ಯೆ ಎಲ್ಲಿ ಕೂತ್ಕೊಳ್ಳಲಿ, ಮಿಸ್ ಓರ್ಲೀನ್?"

"ನನ್ನ ಪಕ್ಕ," ಎಂದಳು. "ಆ ಜಾಗ ಮೂರು ವರ್ಷದಿಂದ ಖಾಲಿನೇ ಇದೆ."