ಬ್ರೆಡ್ಡಕ್ಕ ಬಚ್ಚಿಟ್ಟ ಕಾಲುಭಾಗ

ಬೇಕರಿಯ ಹಿಂಬಾಗಿಲಿನಿಂದ ಒಳಗೆ ಬಂದರೆ ಮೊದಲು ಮುಖಕ್ಕೆ ಹೊಡೆಯುವುದು ಓವನ್ನಿನ ಝಳ, ಆಮೇಲೆ ಬ್ರೆಡ್ಡಕ್ಕನ ಗಂಟುಮೋರೆ. ಇಪ್ಪತ್ತಾರು ವರ್ಷ ಇವೆರಡೂ ಒಂದೇ ಜಾಗದಲ್ಲಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇವೆರಡರಲ್ಲಿ ಯಾವುದು ಹೆಚ್ಚು ಸುಡುತ್ತದೆಂದು ತಿಳಿಯಲು ಒಂದು ವಾರ ಹಿಡಿಯುತ್ತಿತ್ತು.

ಅವಳು ಕಲಿತದ್ದೆಲ್ಲ ನಿಂತ ಕಾಲಿನಲ್ಲಿ, ಕಣ್ಣಿನಿಂದ ನೋಡಿ. ಅಳತೆಗೆ ಅಂಚು ಸೊಟ್ಟಗಾದ ಒಂದು ಸ್ಟೀಲ್ ಲೋಟ, ಹಿಟ್ಟಿನ ಹದಕ್ಕೆ ತನ್ನ ಹೆಬ್ಬೆರಳು, ಓವನ್ನಿನ ಬಿಸಿಗೆ ತನ್ನ ಕೆನ್ನೆ. ಬೇಕರಿಗೆ ನಾಲ್ಕು ಜನರ ಬಾಯಲ್ಲಿ ಹೆಸರು ಬಂದದ್ದು ಅವಳ ಭಾನುವಾರದ ಟ್ರೇಯಿಂದ. ಹೊರಗಿನ ಬೋರ್ಡಿನಲ್ಲಿ ‘ರಾತ್ರಿ ನೆನೆಸಿದ ಫ್ರೆಂಚ್ ಟೋಸ್ಟ್’ ಎಂದು ಬರೆದಿರುತ್ತಿತ್ತು. ಅವಳ ಬಾಯಲ್ಲಿ ಅದು ಬರೀ ‘ಟ್ರೇ’. ಎರಡು ದಿನ ಹಳೆಯ ಬ್ರೆಡ್ಡನ್ನು ದಪ್ಪ ದಪ್ಪಗೆ ಕೊಯ್ದು, ಬೆಣ್ಣೆ ಸವರಿದ ಟ್ರೇಯಲ್ಲಿ ಪದರ ಪದರವಾಗಿ ಒತ್ತೊತ್ತಾಗಿ ಜೋಡಿಸಿ, ಮೊಟ್ಟೆ, ಸಕ್ಕರೆ, ಚಕ್ಕೆಪುಡಿ ಕದಡಿದ ಹಾಲನ್ನು ಶನಿವಾರ ಸಂಜೆ ಮೇಲೆ ಸುರಿದು ಫ್ರಿಡ್ಜಿನಲ್ಲಿಡುವುದು. ಭಾನುವಾರ ಬೆಳಿಗ್ಗೆ ಬೇಯಿಸುವುದು. ತಿಂಡಿಯ ಹೊತ್ತೂ ಅಲ್ಲದ, ಊಟದ ಹೊತ್ತೂ ಅಲ್ಲದ ಹತ್ತೂವರೆಗೆ ಜನ ಬಂದು ಕೂರುವರು, ಹನ್ನೊಂದೂವರೆಗೆ ಟ್ರೇಯ ತಳ ಕಾಣುವುದು.

ಮನೆಯಲ್ಲಿ ಮಾಡಿ ನೋಡಿದವರಿಗೆ ಅದು ಒಲಿಯುತ್ತಿರಲಿಲ್ಲ. ಒಂದೋ ಕೆಳಗೆ ಗಂಜಿ, ಇಲ್ಲವೇ ಮೇಲೆ ಚಪ್ಪಲಿಯ ಅಟ್ಟೆ. ಏನಕ್ಕ ಗುಟ್ಟು ಎಂದು ಕೇಳಿದರೆ “ಕೈಗುಣ” ಎಂದು ಮುಖ ತಿರುಗಿಸುವಳು.

ಗುಟ್ಟು ಇತ್ತು. ಸಂಜೆ ಅವಳು ಹಾಲಿನ ಮುಕ್ಕಾಲು ಭಾಗ ಮಾತ್ರ ಸುರಿಯುತ್ತಿದ್ದಳು. ಉಳಿದ ಕಾಲುಭಾಗ ಮುಚ್ಚಳದ ಪಾತ್ರೆಯಲ್ಲಿ, ಫ್ರಿಡ್ಜಿನ ಕೆಳಗಿನ ಖಾನೆಯಲ್ಲಿ, ಬೆಣ್ಣೆ ಡಬ್ಬಗಳ ಹಿಂದೆ ಅಡಗಿ ಕೂರುತ್ತಿತ್ತು. ಬೆಳಿಗ್ಗೆ ಓವನ್ನಿಗೆ ತಳ್ಳುವ ಮುಂಚೆ ಅದನ್ನು ಮೇಲಿನ ಪದರಕ್ಕೆ ಹನಿಸುವಳು. ರಾತ್ರಿಯಿಡೀ ಕುಡಿದ ಕೆಳಗಿನ ಪದರ ಹತ್ತಿಯಂತೆ ಮೆತ್ತಗಾದರೆ, ಆಗಷ್ಟೇ ಗುಟುಕು ಸಿಕ್ಕ ಮೇಲಿನದು ಗರಿಗರಿಯಾಗಿ ಏಳುತ್ತಿತ್ತು. ಇಷ್ಟೇ. ಇದನ್ನು ಅವಳು ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ.

ಅವಳ ಜೊತೆ ಅದೇ ಓವನ್ನಿಗೆ ದುಡಿಯುತ್ತಿದ್ದವಳು ಅವಳ ನಾದಿನಿ. ಕೈಹಿಡಿದು ಕರೆತಂದು, ಹಿಟ್ಟು ನಾದುವುದನ್ನು ಕಲಿಸಿ, ಯಜಮಾನರ ಮುಂದೆ “ನಮ್ಮ ಹುಡುಗಿ, ಚುರುಕಾಗಿದ್ದಾಳೆ” ಎಂದು ನಿಲ್ಲಿಸಿದವಳು ಬ್ರೆಡ್ಡಕ್ಕನೇ. ಆ ಚುರುಕು ಹುಡುಗಿ ನಾಲ್ಕು ವರ್ಷದ ಹಿಂದೆ ಆರು ತಿಂಗಳ ಬೇಕರಿ ತರಬೇತಿ ಮುಗಿಸಿ, ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ಒಂದು ಎಲೆಕ್ಟ್ರಿಕ್ ತಕ್ಕಡಿ ತಂದು ಮೇಜಿನ ಮೇಲಿಟ್ಟಳು. ಎಲ್ಲರೂ ಕೇಳುವಂತೆ, “ಲೋಟದಲ್ಲಿ ಅಳೆಯೋದು ಅಡುಗೆಮನೆ ಲೆಕ್ಕ. ಇದು ಬೇಕರಿ” ಎಂದಳು. ಮಾರನೆಯ ದಿನ ಲೋಟ ಗುಜರಿ ಚೀಲದಲ್ಲಿತ್ತು. ಬ್ರೆಡ್ಡಕ್ಕ ಚೀಲಕ್ಕೆ ಕೈಹಾಕಿ, ಎಲ್ಲರ ಕಣ್ಣೆದುರೇ ಲೋಟ ಹೆಕ್ಕಿ, ತೊಳೆದು ಸೆರಗಿನಲ್ಲಿ ಒರೆಸಿಕೊಂಡಳು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತುಹೋಯಿತು.

ಮಾತು ಬಿಟ್ಟರೂ ಕೆಲಸ ಬಿಡುವಂತಿರಲಿಲ್ಲ. ಅದಕ್ಕೆ ಅವರು ಸಾಮಾನುಗಳ ಜೊತೆ ಮಾತಾಡುತ್ತಿದ್ದರು.

“ಏ ಫ್ರಿಡ್ಜೇ, ಹಾಲು ಮುಗಿದಿದೆ. ಕಣ್ಣು ಕಾಣೋರಿಗೆ ಹೇಳು” ಎಂದು ಬ್ರೆಡ್ಡಕ್ಕ.

“ಏ ಜರಡಿ, ಬೆಳಿಗ್ಗೆ ಬಂದೋರು ನಿನ್ನ ತೊಳೆದಿಟ್ಟಿದ್ರೆ ನಾನ್ಯಾಕೆ ಬಾಯಿ ನೋಯಿಸ್ಕೊಳ್ಲಿ?”

ಮನೆಯಲ್ಲಿ ಬ್ರೆಡ್ಡಕ್ಕನ ಗಂಡ ಈ ವಿಷಯ ಬಂದಾಗಲೆಲ್ಲ ರೇಡಿಯೋದ ಸದ್ದು ಹೆಚ್ಚಿಸುತ್ತಿದ್ದ. “ಒಬ್ಬಳು ಹೆಂಡ್ತಿ, ಇನ್ನೊಬ್ಬಳು ತಂಗಿ. ನಾನು ಕಿವುಡನಾಗಿರೋದೇ ವಾಸಿ” ಎನ್ನುತ್ತಿದ್ದ.

ಹೀಗಿರುವಾಗ ಯಜಮಾನರು ಒಂದು ಸೋಮವಾರ ಇಬ್ಬರನ್ನೂ ಕರೆದು, ಮುಂದಿನ ವಾರದಿಂದ ಓವನ್ನಿಗೆ ಒಬ್ಬರು ಸಾಕು, ಇನ್ನೊಬ್ಬರು ಪ್ಯಾಕಿಂಗ್ ಮೇಜಿಗೆ ಎಂದುಬಿಟ್ಟರು. ಯಾರು ಎಲ್ಲಿಗೆ ಎಂದು ಹೇಳಲಿಲ್ಲ. ಟ್ರೇ ತನ್ನ ಕೈಯಲ್ಲಿರುವವರೆಗೆ ತನ್ನನ್ನು ಅಲ್ಲಾಡಿಸುವವರು ಯಾರೂ ಇಲ್ಲವೆಂದು ಬ್ರೆಡ್ಡಕ್ಕನಿಗೆ ಗಟ್ಟಿಯಾಗಿ ಗೊತ್ತಿತ್ತು.

ಆ ಭಾನುವಾರ ಹತ್ತಿರದ ಶಾಲೆಯ ಹೆಡ್ ಮೇಡಂ ನಿವೃತ್ತಿಯ ಕೂಟ ಬೇಕರಿಯ ಮುಂದಿನ ಕೋಣೆಯಲ್ಲೇ ನಿಗದಿಯಾಗಿತ್ತು. ನಲವತ್ತು ಜನ, ಮೂರು ಟ್ರೇ. ಬ್ರೆಡ್ಡಕ್ಕ ಶನಿವಾರ ಸಂಜೆ ಎಂದಿನಂತೆ ಮುಕ್ಕಾಲು ಸುರಿದು, ಕಾಲು ಬಚ್ಚಿಟ್ಟು, ಬಸ್ಸು ಹಿಡಿದು ಮನೆಗೆ ಹೋದಳು. ಆ ದಿನ ಬಾಗಿಲು ಹಾಕುವ ಪಾಳಿ ನಾದಿನಿಯದು.

ಬೆಳಿಗ್ಗೆ ಏಳಕ್ಕೆ ಬಂದು ಮೊದಲ ಟ್ರೇಯನ್ನು ಫ್ರಿಡ್ಜಿನಿಂದ ಎಳೆದಾಗ ಹಾಲು ಅಂಚಿನಿಂದ ಚೆಲ್ಲಿ ಅವಳ ಪಾದದ ಮೇಲೆ ಬಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಬ್ರೆಡ್ಡು ಕೆಸರಿನಲ್ಲಿ ಮಲಗಿದ ಎಮ್ಮೆಯಂತೆ ಹಾಲಿನಲ್ಲಿ ಮುಳುಗಿತ್ತು. ಬಗ್ಗಿ ನೋಡಿದರೆ ಬೆಣ್ಣೆ ಡಬ್ಬದ ಹಿಂದೆ ಅವಳ ಪಾತ್ರೆಯ ಮುಚ್ಚಳ ಮುಚ್ಚಿದಂತೆಯೇ ಇತ್ತು. ಎಂದರೆ ಯಾರೋ ಬೇರೆ ಹಾಲು ಕದಡಿ ಮೇಲೆ ಸುರಿದಿದ್ದಾರೆ. ಯಾರೋ ಎಂದರೆ ಇನ್ಯಾರು?

“ನನ್ನ ಜಾಗ ಕಿತ್ಕೊಳ್ಳೋಕೆ ಅಂತಲೇ ಮಾಡಿದ್ದಾಳೆ ಮಾರಿ” ಎಂದು ಹಲ್ಲು ಕಡಿದಳು. ಆದರೆ ಬೈದು ಕೂರುವಷ್ಟು ಹೊತ್ತಿರಲಿಲ್ಲ. ಸೌಟಿನಿಂದ ಮೇಲಿನ ಹಾಲನ್ನು ಮೊಗೆದು ತೆಗೆದಳು. ಸಾಲದಾಯಿತು. ಉಳಿದದ್ದನ್ನು ಕುಡಿಯಲು ಒಣ ಬ್ರೆಡ್ಡು ಬೇಕು, ಹಳೆಯದು ಒಂದು ಚೂರೂ ಇರಲಿಲ್ಲ. ಕಪಾಟಿನಲ್ಲಿದ್ದದ್ದು ನಾದಿನಿ ಆ ದಿನದ ಮಾರಾಟಕ್ಕೆಂದು ಮಾಡಿಟ್ಟ ಹತ್ತು ಮಿಲ್ಕ್ ಬ್ರೆಡ್ಡು, ಹೊನ್ನಿನ ಬಣ್ಣದವು. ಬ್ರೆಡ್ಡಕ್ಕ ಚಾಕು ತೆಗೆದುಕೊಂಡಳು. ಹತ್ತನ್ನೂ ಪಟ್ಟಿ ಪಟ್ಟಿಯಾಗಿ ಕೊಯ್ದು, ಓವನ್ನಿನಲ್ಲಿ ಒಣಗಿಸಿ, ಗೋಡೆಯ ಸಂದಿಗೆ ಇಟ್ಟಿಗೆ ತುರುಕಿದಂತೆ ಟ್ರೇಯ ಸಂದು ಸಂದಿಗೂ ನಿಲ್ಲಿಸತೊಡಗಿದಳು.

ಎಂಟೂವರೆಗೆ ಬಂದ ನಾದಿನಿ ಬರಿದಾದ ಕಪಾಟು ನೋಡಿ ನಿಂತಲ್ಲೇ ನಿಂತಳು. ಫ್ರಿಡ್ಜನ್ನು ಕರೆಯಲು ಬಾಯಿ ತೆರೆದವಳು ಅದನ್ನು ಮರೆತೇಬಿಟ್ಟಳು.

“ಅತ್ತಿಗೆ! ನನ್ನ ಬ್ರೆಡ್ಡಿಗೆ ಕೈ ಹಾಕೋಕೆ ನಿಮಗೆ ಯಾರು ಹೇಳಿದ್ರು?”

“ನನ್ನ ಟ್ರೇಗೆ ಹಾಲು ಸುರಿಯೋಕೆ ನಿಂಗ್ಯಾರೇ ಹೇಳಿದ್ರು?”

“ಮೇಲೆಲ್ಲ ಒಣಗಿತ್ತು. ತೂಕ ಹಾಕಿ ನೋಡಿದೆ, ಕಾಲುಭಾಗ ಕಮ್ಮಿ ಇತ್ತು. ನಿಮ್ಮ ಸೊಟ್ಟ ಲೋಟದ ಲೆಕ್ಕ ತಪ್ಪಿದೆ ಅಂತ ಸರಿ ಮಾಡ್ದೆ. ನಲವತ್ತು ಜನದ ಮುಂದೆ ಬೇಕರಿ ಮಾನ ಹೋಗ್ಬಾರ್ದು ಅಂತ!”

“ಸರಿ ಮಾಡಿದ್ಯಾ? ಕೆರೆ ಮಾಡಿದ್ದೀಯ! ಒಂದು ಮಾತು ಕೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?”

“ಕೇಳಿದ್ರೆ ಹೇಳ್ತಿದ್ರಾ? ನಾಲ್ಕು ವರ್ಷದಿಂದ ನೀವು ನನ್ನ ಮುಖ ನೋಡಿದ್ದೀರಾ?”

“ನೋಡೋ ಹಾಗಿದ್ರೆ ನೋಡ್ತಿದ್ದೆ!”

“ಹಾಗಾದ್ರೆ ಒಪ್ಕೊಳ್ಳಿ ಅತ್ತಿಗೆ, ಲೆಕ್ಕ ತಪ್ಪಿದ್ದು ನಿಮ್ದು. ಅಳತೆ ಗೊತ್ತಿಲ್ಲ ನಿಮ್ಗೆ. ಇಷ್ಟು ವರ್ಷ ಅಂದಾಜಿನಲ್ಲೇ ಕಾಲ ತಳ್ಳಿದ್ದೀರಿ.”

ಅಳತೆ ಗೊತ್ತಿಲ್ಲ ಎಂಬ ಮಾತು ಬ್ರೆಡ್ಡಕ್ಕನ ನೆತ್ತಿಗೇರಿತು. ಬೆಣ್ಣೆ ಡಬ್ಬಗಳನ್ನು ಆಚೆ ದೂಡಿ, ಪಾತ್ರೆಯನ್ನು ಹೊರಗೆಳೆದು ನಾದಿನಿಯ ಮೂಗಿನ ಹತ್ತಿರ ಹಿಡಿದಳು.

“ನೋಡು! ಕಮ್ಮಿ ಇದ್ದ ಕಾಲುಭಾಗ ಇಲ್ಲಿದೆ, ಒಂದು ಗುಟುಕು ಹೆಚ್ಚಿಲ್ಲ, ಒಂದು ಗುಟುಕು ಕಡಿಮೆ ಇಲ್ಲ! ಇದನ್ನ ಬೆಳಿಗ್ಗೆ ಸುರಿಯೋದು ಕಣೇ ದಡ್ಡಿ, ಓವನ್ನಿಗೆ ಇಡೋ ಮುಂಚೆ, ಮೇಲಿನ ಪದರಕ್ಕೆ ಮಾತ್ರ! ಅದಕ್ಕೇ ಅದು ಗರಿಗರಿಯಾಗೋದು! ನಿನ್ನ ಸರ್ಟಿಫಿಕೇಟಿನಲ್ಲಿ ಬರೆದಿದ್ದಾರಾ ಇದನ್ನ?”

ಗಲಾಟೆ ಕೇಳಿ ಬಂದ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ನಾದಿನಿಯ ಮುಖದಲ್ಲಿದ್ದ ಸಿಟ್ಟು ನಿಧಾನವಾಗಿ ಇಳಿದು, ಅಲ್ಲಿ ಬೇರೇನೋ ಬಂದು ಕೂತಿತು.

“ಓ,” ಎಂದಳು ಅವಳು ಮೆಲ್ಲಗೆ. “ಹಾಗಾ ಅದು.”

ಬ್ರೆಡ್ಡಕ್ಕನಿಗೆ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಳ್ಳಬೇಕೆನಿಸಿತು. ಕಚ್ಚಿ ಏನು ಬಂತು, ಮಾತು ಆಗಲೇ ಹೊರಗೆ ಬಿದ್ದಿತ್ತು.

ಟ್ರೇಗಳು ಕೆಡಲಿಲ್ಲ. ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ಮುಕ್ಕಾಲು ಗಂಟೆ, ಹಾಳೆ ತೆಗೆದು ಅರ್ಧ ಗಂಟೆ ಬೇಯಿಸಿ, ಹತ್ತೂ ಐವತ್ತಕ್ಕೆ ಹೊರಗೆ ತೆಗೆದಳು. ನಡುವೆ ನಿಲ್ಲಿಸಿದ ಮಿಲ್ಕ್ ಬ್ರೆಡ್ಡು ಹೆಚ್ಚಿನ ಹಾಲನ್ನೆಲ್ಲ ಹೀರಿ ಎರಡು ಬೆರಳು ಉಬ್ಬಿತ್ತು. ಹೆಡ್ ಮೇಡಂ ಎರಡನೆಯ ಸಲ ತಟ್ಟೆ ಚಾಚಿದರು. ನಲವತ್ತು ಜನ ತಿಂದು ಬೆರಳು ಚೀಪಿದರು. ತಡವಾಯಿತೆಂದು ಒಬ್ಬರೂ ಗೊಣಗಲಿಲ್ಲ. ಒಳಗೆ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಬೆನ್ನು ಮಾಡಿ ಟ್ರೇ ಉಜ್ಜುತ್ತಿದ್ದರು.

ಸೋಮವಾರ ಯಜಮಾನರು ಬ್ರೆಡ್ಡಕ್ಕನನ್ನು ಒಬ್ಬಳನ್ನೇ ಕರೆದರು. ಮೇಜಿನ ಮೇಲಿದ್ದ ಪೆನ್ನನ್ನು ಆಚೆ ಈಚೆ ಉರುಳಿಸುತ್ತ, “ನೋಡಿ ಅಕ್ಕ, ಮುಚ್ಚುಮರೆ ಬೇಡ” ಎಂದರು. “ಮೂಟೆ ಎತ್ತೋದು, ನಸುಕಿಗೇ ಬರೋದು, ಎಲ್ಲ ಅವಳ ಕೈಲಾಗುತ್ತೆ. ನಿಮ್ಮನ್ನ ಓವನ್ನಿಗೆ ಇಟ್ಕೊಳ್ಳೋಣ ಅಂದ್ಕೊಂಡಿದ್ದು ಆ ಟ್ರೇಗೋಸ್ಕರ. ಈಗ ಅದೂ ಅವಳಿಗೆ ಗೊತ್ತಾಯ್ತಲ್ಲ.”

“ನಿನ್ನೆ ಕೆಟ್ಟಿದ್ದನ್ನ ಎತ್ತಿ ನಿಲ್ಸಿದ್ದು ಯಾರು ಯಜಮಾನ್ರೇ?”

“ನೀವೇ. ಇಲ್ಲ ಅನ್ನಲ್ಲ. ಆದ್ರೆ ದಿನಾ ಕೆಡಲ್ವಲ್ಲ.”

ಅವಳು ಅಳಲಿಲ್ಲ, ಕೈಮುಗಿಯಲಿಲ್ಲ. “ಆಯ್ತು ಬಿಡಿ” ಎಂದು ಎದ್ದು, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಹತ್ತು ಹೆಜ್ಜೆ ನಡೆದು ಪ್ಯಾಕಿಂಗ್ ಮೇಜಿನ ಮುಂದೆ ನಿಂತಳು. ಇಪ್ಪತ್ತಾರು ವರ್ಷದಲ್ಲಿ ಅವಳ ಬೆನ್ನಿಗೆ ಓವನ್ನಿನ ಝಳದ ಬದಲು ಗಾಳಿ ತಾಗಿದ್ದು ಅಂದೇ ಮೊದಲು.

ಪ್ಯಾಕಿಂಗ್ ಮೇಜಿನ ಕೆಲಸ ಬ್ರೆಡ್ಡು ಕೊಯ್ಯುವುದು, ಚೀಲಕ್ಕೆ ಹಾಕುವುದು, ಬಾಯಿ ಕಟ್ಟುವುದು. ಕೆಟ್ಟದ್ದು ಕಂಡರೆ ವಾಪಸ್ಸು ಕಳಿಸುವುದೂ ಆ ಮೇಜಿನದೇ ಕೆಲಸ. ಇಷ್ಟು ದಿನ ಅಲ್ಲಿದ್ದವರು ಅದನ್ನು ಮಾಡಿದವರಲ್ಲ. ಬ್ರೆಡ್ಡಕ್ಕ ಒಂದೊಂದನ್ನೂ ಬೋರಲು ಹಾಕಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದಳು. ಬೆಂದದ್ದು ಟೊಳ್ಳಾಗಿ ಸದ್ದು ಮಾಡುತ್ತದೆ, ಒಳಗೆ ಹಸಿ ಇದ್ದದ್ದು ಮಂಕಾಗಿ. ಮೊದಲ ದಿನವೇ ಹನ್ನೊಂದು ಬ್ರೆಡ್ಡು ಓವನ್ನಿಗೆ ವಾಪಸ್ಸು ಹೋದವು.

ನಾದಿನಿ ಕೆಂಡದಂತೆ ಬಂದಳು. “ಬೇಕು ಅಂತಲೇ ಮಾಡ್ತಿದ್ದೀರಿ.”

“ಕೊಯ್ದು ನೋಡು.”

ಕೊಯ್ದಳು. ನಡುವೆ ಹಸಿ ಇತ್ತು, ಬೆರಳಿಗೆ ಅಂಟುವ ಹಸಿ. ಇನ್ನೊಂದನ್ನು ಕೊಯ್ದಳು, ಅದೂ ಹಾಗೆಯೇ. ಹನ್ನೊಂದೂ ಓವನ್ನಿನ ಎಡಗಡೆಯ ಹಿಂಮೂಲೆಯಿಂದ ಬಂದವು. ಆ ಮೂಲೆಗೆ ಬಿಸಿ ಸರಿಯಾಗಿ ತಲುಪುವುದಿಲ್ಲ, ಅರ್ಧ ಬೆಂದ ಮೇಲೆ ಟ್ರೇ ತಿರುಗಿಸಿ ಇಡಬೇಕು. ಬ್ರೆಡ್ಡಕ್ಕ ಇಷ್ಟು ವರ್ಷ ಯಾರಿಗೂ ಹೇಳದೆ ಸುಮ್ಮನೆ ತಿರುಗಿಸುತ್ತಿದ್ದಳು.

“ಟೈಮು ಸರಿಯಾಗೇ ಕೊಟ್ಟಿದ್ದೆ,” ನಾದಿನಿಯ ದನಿ ಇಳಿಯಿತು. “ಇವೇ ಯಾಕೆ ಹೀಗಾದ್ವು ಅತ್ತಿಗೆ?”

ಮಾತು ಬ್ರೆಡ್ಡಕ್ಕನ ಹಲ್ಲಿನವರೆಗೆ ಬಂದಿತ್ತು. ಅವಳು ಕೈಯಲ್ಲಿದ್ದ ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿ ಬದಿಗಿಟ್ಟು, ಮುಂದಿನ ಬ್ರೆಡ್ಡನ್ನು ಬೋರಲು ಹಾಕಿ ತಟ್ಟಿದಳು. ಕಿವಿಗೊಟ್ಟು ಕೇಳಿ, ಅದನ್ನೂ ನಾದಿನಿಯ ಕಡೆಗೆ ತಳ್ಳಿದಳು.

“ಹನ್ನೆರಡು” ಎಂದಳು.